ಟ್ಯೂಬ್‌ಲೈಟ್ ತಡವಾಗಿ ಹೊತ್ತುವುದೇಕೆ? ಗಾಜಿನ ಕೊಳವೆಯೊಳಗೆ ನಡೆಯುವುದೇನು, ಕೆಟ್ಟ ಮೇಲೆ ಅದನ್ನೇನು ಮಾಡಬೇಕು?

ನವದೆಹಲಿ: ಹೇಳಿದ ಮಾತು ತಡವಾಗಿ ತಲೆಗೆ ಹೋಗುವವರನ್ನು ‘ಟ್ಯೂಬ್‌ಲೈಟ್’ ಎಂದು ಕರೆದು ನಗುವುದು ಕನ್ನಡಿಗರಲ್ಲಿ ಹಳೆಯ ರೂಢಿ. ಸ್ವಿಚ್ ಒತ್ತಿದ ಮೇಲೆ ಎರಡು ಮೂರು ಸಲ ಮಿನುಗಿ, ಕೊಂಚ ಯೋಚಿಸಿದಂತೆ ಮಾಡಿ, ಆಮೇಲೆ ಹೊತ್ತಿಕೊಳ್ಳುವ ದೀಪವನ್ನು ಕಂಡವರಿಗೆ ಈ ಮಾತಿನ ಅರ್ಥ ಬಿಡಿಸಿ ಹೇಳಬೇಕಿಲ್ಲ. ಒತ್ತಿದ ಕ್ಷಣವೇ ಬೆಳಗುವ ಎಲ್‌ಇಡಿ ಕೆಳಗೆ ಬೆಳೆದ ಮಕ್ಕಳಿಗೆ ಮಾತ್ರ ವಿವರಿಸಬೇಕಾದೀತು.

ಪೂರ್ವ ದೆಹಲಿಯ ಮಯೂರ್ ವಿಹಾರ್‌ನಂತಹ ಬಡಾವಣೆಗಳಲ್ಲಿ ಈ ಬದಲಾವಣೆ ಕಣ್ಣಿಗೆ ಕಾಣುವಂತಿದೆ. ಯಮುನೆಯ ಪೂರ್ವ ದಂಡೆಯ ಈ ಪ್ರದೇಶದಲ್ಲಿ 1980ರ ದಶಕದಿಂದ ಎದ್ದ ಡಿಡಿಎ ಫ್ಲ್ಯಾಟ್‌ಗಳು, ಗ್ರೂಪ್ ಹೌಸಿಂಗ್ ಸೊಸೈಟಿಗಳು ಟ್ಯೂಬ್‌ಲೈಟ್ ಕಾಲದವು. ಕೇಂದ್ರ ಸರ್ಕಾರದ ಕಚೇರಿ, ಬ್ಯಾಂಕು, ಪತ್ರಿಕೆಗಳ ಕೆಲಸಕ್ಕೆಂದು ರಾಜಧಾನಿಗೆ ಬಂದ ದಕ್ಷಿಣದ ಎಷ್ಟೋ ಕುಟುಂಬಗಳು ಸಂಸಾರ ಹೂಡಿದ್ದು ನಾಲ್ಕು ಅಡಿಯ ಈ ಬಿಳಿ ದೀಪದಡಿಯಲ್ಲೇ. ಈಗ ಹಳೆಯ ಟ್ಯೂಬ್‌ಗಳು ಒಂದೊಂದಾಗಿ ಗೋಡೆಯಿಂದ ಇಳಿಯುತ್ತಿವೆ.

ಹಾಗೆ ಇಳಿದ ಟ್ಯೂಬ್ ಎಲ್ಲಿಗೆ ಹೋಗುತ್ತದೆ ಎಂಬುದು ಸಣ್ಣ ಪ್ರಶ್ನೆಯಲ್ಲ. ಮಯೂರ್ ವಿಹಾರ್‌ನಿಂದ ಕೆಲವೇ ಕಿಲೋಮೀಟರ್ ದೂರದಲ್ಲಿದೆ ಗಾಜಿಪುರದ ಕಸದ ಬೆಟ್ಟ. ಟ್ಯೂಬ್‌ಲೈಟ್ ಕೆಟ್ಟರೂ ಅದರೊಳಗಿನ ಪಾದರಸ ಕೆಡುವುದಿಲ್ಲ. ಇದು ಏಕೆಂದು ತಿಳಿಯಬೇಕಾದರೆ ಮೊದಲು ಆ ದೀಪ ಹೇಗೆ ಬೆಳಗುತ್ತದೆ ಎಂದು ನೋಡಬೇಕು.

ಬಲ್ಬ್‌ಗೂ ಟ್ಯೂಬ್‌ಗೂ ಇರುವ ವ್ಯತ್ಯಾಸ

ಹಳೆಯ ಹಳದಿ ಬಲ್ಬ್‌ನ ಕೆಲಸ ಸರಳ. ಸಣ್ಣ ಟಂಗ್‌ಸ್ಟನ್ ತಂತಿಯಲ್ಲಿ ವಿದ್ಯುತ್ ಹರಿಯುತ್ತದೆ, ತಂತಿ ಕಾದು ಕೆಂಡವಾಗುತ್ತದೆ, ಕೆಂಡ ಬೆಳಕು ಕೊಡುತ್ತದೆ. ಆದರೆ ಖರ್ಚಾಗುವ ವಿದ್ಯುತ್ತಿನಲ್ಲಿ ಹೆಚ್ಚಿನ ಪಾಲು ಶಾಖವಾಗಿಯೇ ಹೋಗುತ್ತದೆ. ಉರಿಯುವ ಬಲ್ಬನ್ನು ಮುಟ್ಟಿ ಬೆರಳು ಸುಟ್ಟುಕೊಂಡವರಿಗೆ ಇದು ಗೊತ್ತು.

ಟ್ಯೂಬ್‌ಲೈಟ್‌ನಲ್ಲಿ ಬೆಳಕು ಕೊಡುವ ತಂತಿಯೇ ಇಲ್ಲ. ಎರಡು ತುದಿಗಳಲ್ಲಿ ಚಿಕ್ಕ ತಂತಿಸುರುಳಿಗಳಿವೆ ನಿಜ. ಆದರೆ ನಡುವಿನ ನಾಲ್ಕು ಅಡಿ ಉದ್ದಕ್ಕೆ ಇರುವುದು ಅನಿಲ ಮಾತ್ರ. ವಿದ್ಯುತ್ ಹರಿಯುವುದು ಆ ಅನಿಲದ ಮೂಲಕ, ಕಣ್ಣಿಗೆ ಕಾಣುವ ಬೆಳಕು ಹುಟ್ಟುವುದು ಗಾಜಿನ ಒಳಮೈಗೆ ಬಳಿದ ಬಿಳಿ ಪುಡಿಯಲ್ಲಿ.

ಕೊಳವೆಯೊಳಗೆ ಏನೇನಿದೆ?

* ಆರ್ಗಾನ್‌ನಂತಹ ಜಡ ಅನಿಲ. ಅದರ ಒತ್ತಡ ತೀರಾ ಕಡಿಮೆ, ಹೊರಗಿನ ಗಾಳಿಯ ಒತ್ತಡದ ಸುಮಾರು ಮುನ್ನೂರರಲ್ಲಿ ಒಂದು ಪಾಲು.
* ಕೆಲವೇ ಮಿಲಿಗ್ರಾಂ ಪಾದರಸ. ದೀಪ ಉರಿಯುವಾಗ ಇದರ ಸ್ವಲ್ಪ ಭಾಗ ಆವಿಯಾಗಿ ಕೊಳವೆಯ ತುಂಬ ಹರಡುತ್ತದೆ.
* ಎರಡೂ ತುದಿಗಳಲ್ಲಿ ಟಂಗ್‌ಸ್ಟನ್ ಸುರುಳಿಗಳು. ಇವುಗಳ ಮೇಲೆ ಬೇರಿಯಂ, ಸ್ಟ್ರಾನ್ಷಿಯಂ, ಕ್ಯಾಲ್ಸಿಯಂ ಆಕ್ಸೈಡ್‌ಗಳ ಲೇಪವಿರುತ್ತದೆ. ಕಾದಾಗ ಈ ಲೇಪದಿಂದ ಎಲೆಕ್ಟ್ರಾನ್‌ಗಳು ಸುಲಭವಾಗಿ ಹೊರಬರುತ್ತವೆ.
* ಗಾಜಿನ ಒಳಮೈಗೆ ಫಾಸ್ಫರ್ ಎಂಬ ಬಿಳಿ ಪುಡಿಯ ತೆಳು ಲೇಪ. ಹೆಸರು ಕೇಳಿ ಇದನ್ನು ಬೆಂಕಿ ಹೊತ್ತಿಕೊಳ್ಳುವ ರಂಜಕ ಎಂದುಕೊಳ್ಳಬಾರದು. ಒಂದು ಬಗೆಯ ಕಿರಣವನ್ನು ಹೀರಿ ಇನ್ನೊಂದು ಬಗೆಯ ಬೆಳಕನ್ನು ಹೊರಬಿಡುವ ವಸ್ತುಗಳಿಗೆಲ್ಲ ಫಾಸ್ಫರ್ ಎಂಬ ಹೆಸರಿದೆ.

ಕೊಳವೆಯ ಹೊರಗೆ, ಪಟ್ಟಿಯಲ್ಲಿ, ಇನ್ನೆರಡು ಭಾಗಗಳಿವೆ: ಚೋಕ್ ಮತ್ತು ಸ್ಟಾರ್ಟರ್. ಕಬ್ಬಿಣದ ಪಟ್ಟಿಗಳಿಗೆ ತಾಮ್ರದ ತಂತಿ ಸುತ್ತಿದ ಭಾರದ ಪೆಟ್ಟಿಗೆಯೇ ಚೋಕ್. ಬೆರಳುದ್ದದ, ತಿರುಗಿಸಿ ಕೂರಿಸುವ ಡಬ್ಬಿ ಸ್ಟಾರ್ಟರ್.

ಸ್ವಿಚ್ ಒತ್ತಿದ ಮೇಲೆ ನಡೆಯುವುದೇನು?

‘ಟ್ಯೂಬ್‌ಲೈಟ್’ ಎಂಬ ಗೇಲಿಯ ಮಾತಿಗೆ ಕಾರಣವಾದ ಆ ಒಂದೆರಡು ಸೆಕೆಂಡುಗಳಲ್ಲಿ ಸಾಕಷ್ಟು ಕೆಲಸ ನಡೆಯುತ್ತದೆ.

1. ಮನೆಯ 230 ವೋಲ್ಟ್ ವಿದ್ಯುತ್ ಬಂದರೂ ಕೊಳವೆಯೊಳಗಿನ ತಣ್ಣನೆಯ ಅನಿಲ ಅದನ್ನು ಹರಿಯಗೊಡುವುದಿಲ್ಲ. ಹೀಗಾಗಿ ವಿದ್ಯುತ್ ಮೊದಲು ಸ್ಟಾರ್ಟರ್‌ಗೆ ಹೋಗುತ್ತದೆ.

2. ಸ್ಟಾರ್ಟರ್ ಡಬ್ಬಿಯೊಳಗೆ ಅನಿಲ ತುಂಬಿದ ಪುಟ್ಟ ಗಾಜಿನ ಗುಳ್ಳೆಯಿದೆ. ಅದರಲ್ಲಿ ಒಂದಕ್ಕೊಂದು ತಾಗದ ಎರಡು ಲೋಹದ ಕಡ್ಡಿಗಳಿವೆ. ಅನಿಲ ಮಂದವಾಗಿ ಹೊಳೆದು ಬಿಸಿಯಾಗುತ್ತದೆ. ಒಂದು ಕಡ್ಡಿ ಎರಡು ಲೋಹಗಳನ್ನು ಬೆಸೆದು ಮಾಡಿದ್ದು. ಕಾದಾಗ ಒಂದು ಲೋಹ ಇನ್ನೊಂದಕ್ಕಿಂತ ಹೆಚ್ಚು ಹಿಗ್ಗುವುದರಿಂದ ಕಡ್ಡಿ ಬಾಗಿ ಪಕ್ಕದ ಕಡ್ಡಿಗೆ ತಾಗುತ್ತದೆ.

3. ಈಗ ದಾರಿ ಪೂರ್ಣವಾಯಿತು. ವಿದ್ಯುತ್ ಚೋಕ್ ಮೂಲಕ ಹಾದು ಟ್ಯೂಬ್‌ನ ಎರಡೂ ತುದಿಗಳ ಸುರುಳಿಗಳಲ್ಲಿ ಹರಿಯುತ್ತದೆ. ಸುರುಳಿಗಳು ಕೆಂಪಗೆ ಕಾಯುತ್ತವೆ. ತುದಿಗಳು ಮಾತ್ರ ಮೊದಲು ಬೆಳಗುವುದು ಇದೇ ಹಂತದಲ್ಲಿ. ಸುರುಳಿಯ ಸುತ್ತ ಎಲೆಕ್ಟ್ರಾನ್‌ಗಳು ಸಿದ್ಧವಾಗಿ ನಿಲ್ಲುತ್ತವೆ.

4. ಕಡ್ಡಿಗಳು ಕೂಡಿದ್ದರಿಂದ ಸ್ಟಾರ್ಟರ್‌ನ ಒಳಗಿನ ಹೊಳಪು ನಿಂತಿರುತ್ತದೆ. ಶಾಖ ಇಳಿದು ಬಾಗಿದ ಕಡ್ಡಿ ನೆಟ್ಟಗಾಗಿ ದೂರ ಸರಿಯುತ್ತದೆ. ಹರಿಯುತ್ತಿದ್ದ ವಿದ್ಯುತ್ ತಟ್ಟನೆ ಕಡಿಯುತ್ತದೆ.

5. ಚೋಕ್‌ನ ಸ್ವಭಾವವೆಂದರೆ ಹರಿವಿನ ಬದಲಾವಣೆಯನ್ನು ವಿರೋಧಿಸುವುದು. ಹರಿವು ಹಠಾತ್ತನೆ ನಿಂತಾಗ ಅದರ ಕಾಂತಕ್ಷೇತ್ರದಲ್ಲಿ ಸೇರಿದ್ದ ಶಕ್ತಿ ಹಲವು ನೂರು ವೋಲ್ಟ್‌ಗಳ ಒಂದು ಏಟಾಗಿ ಹೊಮ್ಮುತ್ತದೆ. ಆ ಏಟಿಗೆ ಕೊಳವೆಯೊಳಗಿನ ಅನಿಲ ದಾರಿ ಬಿಡುತ್ತದೆ, ದೀಪ ಹೊತ್ತಿಕೊಳ್ಳುತ್ತದೆ.

ಮನೆಗೆ ಬರುವ ವಿದ್ಯುತ್ ಏರಿಳಿಯುತ್ತಲೇ ಇರುತ್ತದೆ. ಕಡ್ಡಿ ಬೇರೆಯಾದ ಗಳಿಗೆಯಲ್ಲಿ ಹರಿವು ಕಡಿಮೆ ಇದ್ದರೆ ಏಟು ಸಾಲುವುದಿಲ್ಲ. ಆಗ ಇಡೀ ಕ್ರಿಯೆ ಮೊದಲಿನಿಂದ ಶುರುವಾಗುತ್ತದೆ. ಟ್ಯೂಬ್ ಎರಡು ಮೂರು ಸಲ ಮಿನುಗುವುದು ಇದಕ್ಕೇ.

ಒಮ್ಮೆ ಹೊತ್ತಿದ ಮೇಲೆ ನಾಲ್ಕು ಅಡಿ ಟ್ಯೂಬ್‌ನ ಎರಡು ತುದಿಗಳ ನಡುವೆ ಇರುವುದು ಸುಮಾರು 100 ವೋಲ್ಟ್ ಮಾತ್ರ. ಸ್ಟಾರ್ಟರ್ ಮತ್ತೆ ಹೊಳೆಯಲು ಅಷ್ಟು ಸಾಲದು. ಹಾಗಾಗಿ ದೀಪ ಉರಿಯುವಷ್ಟು ಹೊತ್ತೂ ಸ್ಟಾರ್ಟರ್‌ಗೆ ಕೆಲಸವಿಲ್ಲ. ಅದನ್ನು ಬಿಚ್ಚಿದರೂ ಟ್ಯೂಬ್ ಆರುವುದಿಲ್ಲ ಎಂಬ ಹಳೆಯ ಚಮತ್ಕಾರದ ಗುಟ್ಟು ಇಷ್ಟೇ. ಆದರೆ ವಿದ್ಯುತ್ ಇರುವಾಗ ಇದನ್ನು ಪ್ರಯೋಗ ಮಾಡಿ ನೋಡುವುದು ಅಪಾಯ.

ಕಾಣದ ಕಿರಣ ಕಾಣುವ ಬೆಳಕಾಗುವ ಬಗೆ

ಸುರುಳಿಯಿಂದ ಹೊರಟ ಎಲೆಕ್ಟ್ರಾನ್‌ಗಳು ಪಾದರಸದ ಪರಮಾಣುಗಳಿಗೆ ಡಿಕ್ಕಿ ಹೊಡೆಯುತ್ತವೆ. ಡಿಕ್ಕಿಯಿಂದ ಶಕ್ತಿ ಪಡೆದ ಪರಮಾಣು ಮರುಕ್ಷಣವೇ ಅದನ್ನು ಕಿರಣವಾಗಿ ಬಿಟ್ಟುಬಿಡುತ್ತದೆ. ಅದರಲ್ಲಿ ಹೆಚ್ಚಿನದು 253.7 ನ್ಯಾನೊಮೀಟರ್ ತರಂಗಾಂತರದ ನೇರಳಾತೀತ ಕಿರಣ. ಅದು ಕಣ್ಣಿಗೆ ಕಾಣುವುದಿಲ್ಲ, ಚರ್ಮಕ್ಕೂ ಕಣ್ಣಿಗೂ ಒಳ್ಳೆಯದಲ್ಲ.

ಈ ಕಿರಣ ಫಾಸ್ಫರ್ ಲೇಪಕ್ಕೆ ಬಿದ್ದಾಗ ಪುಡಿ ಅದನ್ನು ಹೀರಿ ಕಣ್ಣಿಗೆ ಕಾಣುವ ಬೆಳಕನ್ನು ಹೊರಬಿಡುತ್ತದೆ. ಇದೇ ಪ್ರತಿದೀಪ್ತಿ. ಲೇಪ ದಾಟಿ ಬಂದ ಅಲ್ಪಸ್ವಲ್ಪ ನೇರಳಾತೀತ ಕಿರಣವನ್ನು ಸಾಮಾನ್ಯ ಗಾಜೇ ತಡೆಯುತ್ತದೆ.

ಬೆಳಕಿನ ಬಣ್ಣವನ್ನು ನಿರ್ಧರಿಸುವುದು ಈ ಪುಡಿ. ಹಳೆಯ ಟ್ಯೂಬ್‌ಗಳಲ್ಲಿ ಹ್ಯಾಲೋಫಾಸ್ಫೇಟ್ ಪುಡಿ ಇರುತ್ತಿತ್ತು. ಅದರ ಬೆಳಕಿನಲ್ಲಿ ಕೆಂಪು ಬಣ್ಣದ ಅಂಶ ಕಡಿಮೆ. ಸೀರೆ ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಕಂಡ ಬಣ್ಣವನ್ನು ನಂಬದೆ, ಸೀರೆಯನ್ನು ಬಾಗಿಲ ಬಳಿ ಒಯ್ದು ಹಗಲು ಬೆಳಕಿಗೆ ಹಿಡಿದು ನೋಡುತ್ತಿದ್ದ ಹೆಂಗಸರ ಲೆಕ್ಕ ಸರಿಯಾಗಿಯೇ ಇತ್ತು. ಆಮೇಲೆ ಬಂದ ಟ್ಯೂಬ್‌ಗಳಲ್ಲಿ ಕೆಂಪು, ಹಸಿರು, ನೀಲಿ ಬೆಳಕು ಕೊಡುವ ಮೂರು ಬಗೆಯ ಪುಡಿಗಳನ್ನು ಬೆರೆಸಿದ್ದರಿಂದ ಈ ದೋಷ ಬಹುಮಟ್ಟಿಗೆ ತಗ್ಗಿತು.

ಚೋಕ್ ಇಲ್ಲದಿದ್ದರೆ ಏನಾಗುತ್ತದೆ?

ದೀಪ ಹೊತ್ತಿಸುವುದು ಚೋಕ್‌ನ ಅರ್ಧ ಕೆಲಸ ಮಾತ್ರ. ಉಳಿದರ್ಧ ದೀಪವನ್ನು ಹದ್ದುಬಸ್ತಿನಲ್ಲಿಡುವುದು. ಅನಿಲದಲ್ಲಿ ವಿದ್ಯುತ್ ಹರಿಯತೊಡಗಿದರೆ ಅದರ ತಡೆಯುವ ಶಕ್ತಿ ಕುಗ್ಗುತ್ತದೆ. ತಡೆ ಕುಗ್ಗಿದಂತೆ ಹರಿವು ಹೆಚ್ಚುತ್ತದೆ, ಹರಿವು ಹೆಚ್ಚಿದಂತೆ ತಡೆ ಇನ್ನಷ್ಟು ಕುಗ್ಗುತ್ತದೆ. ಟ್ಯೂಬನ್ನು ನೇರವಾಗಿ 230 ವೋಲ್ಟ್‌ಗೆ ಜೋಡಿಸಿ ಹೊತ್ತಿಸಿದರೆ ಅದು ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಚೋಕ್ ಈ ಹರಿವಿಗೆ ಕಡಿವಾಣ ಹಾಕುತ್ತದೆ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಹಳೆಯ ತಾಮ್ರದ ಚೋಕ್ ತಾನೇ 10ರಿಂದ 15 ವಾಟ್ ತಿನ್ನುತ್ತದೆ. 40 ವಾಟ್ ಟ್ಯೂಬ್ ಎಂದು ಕೊಂಡರೂ ಮೀಟರ್ ಓಡುವುದು 50 ವಾಟ್‌ಗಿಂತ ಹೆಚ್ಚಿಗೆ. ಆಮೇಲೆ ಬಂದ ಎಲೆಕ್ಟ್ರಾನಿಕ್ ಚೋಕ್‌ಗಳು ಈ ನಷ್ಟವನ್ನು ತಗ್ಗಿಸಿದವು, ಸ್ಟಾರ್ಟರ್‌ನ ಅಗತ್ಯವನ್ನೂ ಇಲ್ಲವಾಗಿಸಿದವು.

ಟ್ಯೂಬ್ ಹೇಳುವ ಕಾಯಿಲೆಗಳು

*ಗುಂಯ್ ಎನ್ನುವ ಸದ್ದು:* ವಿದ್ಯುತ್ತಿನ ಏರಿಳಿತಕ್ಕೆ ತಕ್ಕಂತೆ ಚೋಕ್‌ನ ಕಬ್ಬಿಣದ ಪಟ್ಟಿಗಳು ಅದುರುತ್ತವೆ. ಪಟ್ಟಿಗಳ ಬಿಗಿ ಸಡಿಲವಾದರೆ ಸದ್ದು ಹೆಚ್ಚು.

*ತುದಿಗಳು ಕಪ್ಪಾಗುವುದು:* ಸುರುಳಿಯ ಲೇಪ ಮತ್ತು ಲೋಹ ಸ್ವಲ್ಪ ಸ್ವಲ್ಪವೇ ಸವೆದು ಪಕ್ಕದ ಗಾಜಿಗೆ ಅಂಟಿಕೊಳ್ಳುತ್ತವೆ. ಇದು ಟ್ಯೂಬ್‌ಗೆ ವಯಸ್ಸಾಗಿರುವುದರ ಗುರುತು. ಪದೇ ಪದೇ ಸ್ವಿಚ್ ಹಾಕಿ ತೆಗೆದರೆ ಲೇಪ ಬೇಗ ಸವೆಯುತ್ತದೆ.

*ಮಿನುಗುತ್ತಲೇ ಇದ್ದು ಹೊತ್ತದಿರುವುದು:* ಮೊದಲ ಅನುಮಾನ ಸ್ಟಾರ್ಟರ್ ಮೇಲೆ. ಅದನ್ನು ಬದಲಿಸಿದರೂ ಸರಿಯಾಗದಿದ್ದರೆ ಟ್ಯೂಬ್‌ನ ಆಯುಸ್ಸು ಮುಗಿದಿರಬಹುದು, ಇಲ್ಲವೇ ವೋಲ್ಟೇಜ್ ಸಾಲದಿರಬಹುದು.

*ತುದಿಗಳು ಮಾತ್ರ ಉರಿಯುವುದು:* ಸ್ಟಾರ್ಟರ್‌ನ ಕಡ್ಡಿಗಳು ಒಂದಕ್ಕೊಂದು ಅಂಟಿಕೊಂಡಿವೆ ಎಂದರ್ಥ. ಹಾಗೇ ಬಿಟ್ಟರೆ ಸುರುಳಿ ಸುಟ್ಟು ಟ್ಯೂಬ್ ಕೂಡ ಹಾಳಾಗುತ್ತದೆ.

*ಚಳಿಗಾಲದ ಮಂಕು:* ಬೆಂಗಳೂರಿನಿಂದ ದೆಹಲಿಗೆ ಬಂದವರು ಜನವರಿಯಲ್ಲಿ ಟ್ಯೂಬ್‌ಲೈಟ್ ಮಂಕಾಗಿದ್ದನ್ನು ಗಮನಿಸಿರಬಹುದು. ಟ್ಯೂಬ್ ಚೆನ್ನಾಗಿ ಬೆಳಗಬೇಕಾದರೆ ಪಾದರಸದ ಆವಿ ಹದವಾಗಿರಬೇಕು. ಸಾಮಾನ್ಯ ಟ್ಯೂಬ್‌ಗಳಿಗೆ ಸುತ್ತಲ ತಾಪಮಾನ 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ ಸರಿ. ದೆಹಲಿಯ ಚಳಿಗಾಲದ ರಾತ್ರಿಗಳಲ್ಲಿ ಬಾಲ್ಕನಿಯ ಟ್ಯೂಬ್‌ಗೆ ಅಷ್ಟು ಬೆಚ್ಚಗೆ ಎಲ್ಲಿಂದ ಬರಬೇಕು? ಆವಿ ಕಡಿಮೆಯಾಗಿ ಬೆಳಕೂ ಕುಗ್ಗುತ್ತದೆ.

*ಕಣ್ಣಿಗೆ ಕಾಣದ ಮಿನುಗು:* ನಮ್ಮ ವಿದ್ಯುತ್ ಸೆಕೆಂಡಿಗೆ 50 ಸಲ ಆವರ್ತಿಸುವುದರಿಂದ ಹಳೆಯ ಚೋಕ್‌ನ ಟ್ಯೂಬ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಇದು ಸಾಮಾನ್ಯವಾಗಿ ಗೊತ್ತಾಗುವುದಿಲ್ಲ. ಆದರೆ ಇದೇ ಬೆಳಕಿನಲ್ಲಿ ವೇಗವಾಗಿ ತಿರುಗುವ ಯಂತ್ರ ನಿಂತಂತೆ ಕಾಣಬಹುದು. ಕಾರ್ಖಾನೆಗಳಲ್ಲಿ ಇದು ನಿಜವಾದ ಅಪಾಯ.

ಜರ್ಮನಿಯಿಂದ ಮಲ್ಲೇಶ್ವರಂವರೆಗೆ

ಟ್ಯೂಬ್‌ಲೈಟ್ ಒಬ್ಬರೇ ಕಂಡುಹಿಡಿದ ವಸ್ತುವಲ್ಲ. ಜರ್ಮನಿಯ ಹೈನ್ರಿಚ್ ಗೈಸ್ಲರ್ 1857ರಲ್ಲಿ ಗಾಳಿ ತೆಗೆದ ಗಾಜಿನ ಕೊಳವೆಯಲ್ಲಿ ಅಲ್ಪ ಅನಿಲ ತುಂಬಿ ವಿದ್ಯುತ್ ಹರಿಸಿ ಬಣ್ಣದ ಬೆಳಕು ತೋರಿಸಿದ. ಅಮೆರಿಕದ ಪೀಟರ್ ಕೂಪರ್ ಹೆವಿಟ್ 1901ರಲ್ಲಿ ಪಾದರಸದ ಆವಿಯ ದೀಪ ಮಾಡಿದ. ಅದರ ಹಸಿರು ನೀಲಿ ಬೆಳಕಿನಲ್ಲಿ ಮನುಷ್ಯರ ಮುಖ ನೋಡಲು ಚೆನ್ನಾಗಿರಲಿಲ್ಲ. 1926ರಲ್ಲಿ ಜರ್ಮನಿಯ ಎಡ್ಮಂಡ್ ಗರ್ಮರ್ ಮತ್ತು ಸಂಗಡಿಗರು ಒಳಲೇಪವಿರುವ ದೀಪಕ್ಕೆ ಪೇಟೆಂಟ್ ಅರ್ಜಿ ಹಾಕಿದರು. ಜಾರ್ಜ್ ಇನ್ಮನ್ ನೇತೃತ್ವದ ತಂಡದ ಕೆಲಸದಿಂದ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ 1938ರಲ್ಲಿ ಟ್ಯೂಬ್‌ಗಳನ್ನು ಮಾರುಕಟ್ಟೆಗೆ ತಂದಿತು.

ಕರ್ನಾಟಕದಲ್ಲಿ ಈ ಕತೆಗೆ ತನ್ನದೇ ಅಧ್ಯಾಯವಿದೆ. ಮೈಸೂರು ಸಂಸ್ಥಾನದ ಕಾಲದಲ್ಲಿ, 1936ರಲ್ಲಿ, ಬೆಂಗಳೂರಿನ ಮಲ್ಲೇಶ್ವರಂ ಬಳಿ ಶುರುವಾದ ಮೈಸೂರು ಲ್ಯಾಂಪ್ಸ್ ಕಾರ್ಖಾನೆಯ ಬಲ್ಬು, ಟ್ಯೂಬ್‌ಗಳು ದಶಕಗಳ ಕಾಲ ಮನೆಮನೆಗಳಲ್ಲಿ ಬೆಳಗಿದವು. ಈ ಶತಮಾನದ ಆರಂಭದ ವರ್ಷಗಳಲ್ಲಿ ಕಾರ್ಖಾನೆ ನಿಂತುಹೋಯಿತು.

ಎಲ್‌ಇಡಿ ಗೆದ್ದಿದ್ದು ಹೇಗೆ?

ಟ್ಯೂಬ್‌ಲೈಟ್ ತನ್ನ ಕಾಲದಲ್ಲಿ ಮಿತವ್ಯಯದ ದೀಪವೇ ಆಗಿತ್ತು. ಹಳದಿ ಬಲ್ಬ್ ಪ್ರತಿ ವಾಟ್‌ಗೆ 12ರಿಂದ 14 ಲೂಮೆನ್ ಬೆಳಕು ಕೊಟ್ಟರೆ, ಹಳೆಯ ದಪ್ಪ ಟ್ಯೂಬ್ ಸುಮಾರು 60 ಲೂಮೆನ್ ಕೊಡುತ್ತಿತ್ತು. ಈಗಿನ ಎಲ್‌ಇಡಿ ಪಟ್ಟಿದೀಪಗಳು 100 ಲೂಮೆನ್ ಆಸುಪಾಸಿನಲ್ಲಿವೆ.

ಲೆಕ್ಕ ಸರಳ. ಚೋಕ್ ಸೇರಿ 52 ವಾಟ್ ತಿನ್ನುವ ಟ್ಯೂಬನ್ನು ದಿನಕ್ಕೆ 8 ಗಂಟೆ ಉರಿಸಿದರೆ ವರ್ಷಕ್ಕೆ ಸುಮಾರು 152 ಯೂನಿಟ್. 20 ವಾಟ್ ಎಲ್‌ಇಡಿಗೆ ಸುಮಾರು 58 ಯೂನಿಟ್. ಒಂದು ದೀಪಕ್ಕೇ ವರ್ಷಕ್ಕೆ 90ಕ್ಕೂ ಹೆಚ್ಚು ಯೂನಿಟ್ ಉಳಿತಾಯ. 2015ರ ಜನವರಿ 5ರಂದು ದೆಹಲಿಯಲ್ಲಿ ಕೇಂದ್ರ ಸರ್ಕಾರ ಚಾಲನೆ ನೀಡಿದ, ನಂತರ ಉಜಾಲಾ ಎಂದು ಹೆಸರಾದ ಯೋಜನೆ ಎಲ್‌ಇಡಿ ಬೆಲೆಯನ್ನು ಸಾಮಾನ್ಯರ ಕೈಗೆಟಕುವಂತೆ ಮಾಡಿತು. ಎಲ್‌ಇಡಿಯಲ್ಲಿ ಪಾದರಸ ಇಲ್ಲ ಎಂಬುದು ಇನ್ನೊಂದು ದೊಡ್ಡ ಲಾಭ.

ಹಳೆಯ ಪಟ್ಟಿಗೇ ಎಲ್‌ಇಡಿ ಟ್ಯೂಬ್ ಹಾಕುವವರು ಗಮನಿಸಬೇಕಾದ ಸಂಗತಿಯೊಂದಿದೆ. ಕೆಲವು ಎಲ್‌ಇಡಿ ಟ್ಯೂಬ್‌ಗಳಿಗೆ ಚೋಕ್, ಸ್ಟಾರ್ಟರ್ ತೆಗೆದು ವೈರಿಂಗ್ ಬದಲಿಸಬೇಕು. ಪೆಟ್ಟಿಗೆಯ ಮೇಲಿನ ಸೂಚನೆ ಓದಿ, ಮೇನ್ ಸ್ವಿಚ್ ಆರಿಸಿ, ಎಲೆಕ್ಟ್ರಿಷಿಯನ್‌ನಿಂದಲೇ ಮಾಡಿಸುವುದು ಕ್ಷೇಮ.

ಕೆಟ್ಟ ಟ್ಯೂಬ್ ಗಾಜಿಪುರಕ್ಕೆ ಹೋಗಬಾರದು

ಟ್ಯೂಬ್ ಸಾಯುವುದು ಬಹುತೇಕ ತುದಿಯ ಸುರುಳಿಗಳ ಲೇಪ ಮುಗಿದಾಗ. ಪಾದರಸ ಖಾಲಿಯಾಗಿ ಅಲ್ಲ. ಅಂದರೆ ಗೋಡೆಯಿಂದ ಇಳಿಸಿದ ಟ್ಯೂಬ್‌ನಲ್ಲಿ, ಅದು ಆವಿಯೋ ಹನಿಯೋ ಪುಡಿಗೆ ಅಂಟಿದ್ದೋ, ಪಾದರಸ ಹಾಗೆಯೇ ಉಳಿದಿರುತ್ತದೆ. ಒಂದು ಟ್ಯೂಬ್‌ನಲ್ಲಿ ಇರುವುದು ಕೆಲವೇ ಮಿಲಿಗ್ರಾಂ ನಿಜ. ಒಂದು ನಗರದ ಟ್ಯೂಬ್‌ಗಳೆಲ್ಲ ಒಂದೇ ಕಡೆ ಸೇರಿದರೆ ಅದು ಅಲ್ಪವಲ್ಲ.

ಗಾಜಿಪುರದ ಕಸದ ರಾಶಿ 1984ರಲ್ಲಿ ಶುರುವಾಯಿತು. 2002ರಲ್ಲೇ ಅದರ ಮಿತಿ ಮುಗಿದಿತ್ತು. ಆಮೇಲೂ ಕಸ ಬೀಳುತ್ತಲೇ ಹೋಯಿತು. 2017ರ ಸೆಪ್ಟೆಂಬರ್ 1ರಂದು ರಾಶಿಯ ಒಂದು ಭಾಗ ಕುಸಿದು ಇಬ್ಬರು ಪ್ರಾಣ ಕಳೆದುಕೊಂಡರು. ಇಂತಹ ಕಡೆ ಒಡೆದ ಟ್ಯೂಬ್‌ನ ಪಾದರಸ ಆವಿಯಾಗಿ ಗಾಳಿಗೆ ಸೇರುತ್ತದೆ, ಇಲ್ಲವೇ ಮಳೆನೀರಿನೊಂದಿಗೆ ಇಳಿಯುತ್ತದೆ. ಕಸಕ್ಕೆ ಬೆಂಕಿ ಬಿದ್ದರೆ ಇನ್ನೂ ಬೇಗ ಗಾಳಿಗೇರುತ್ತದೆ.

ಮೊದಲ ಪೆಟ್ಟು ಬೀಳುವುದು ಕಸ ಒಯ್ಯುವವರಿಗೆ ಮತ್ತು ಆಯುವವರಿಗೆ. ಗಾಡಿಯಲ್ಲಿ ಒಡೆದ ಟ್ಯೂಬ್‌ನ ಗಾಜು ಅವರ ಬರಿಗೈಗೆ ಚುಚ್ಚುತ್ತದೆ, ಆವಿ ಉಸಿರಿಗೆ ಸೇರುತ್ತದೆ. ಪಾದರಸದ ಆವಿಯನ್ನು ದೀರ್ಘಕಾಲ ಉಸಿರಾಡಿದರೆ ನರಮಂಡಲಕ್ಕೂ ಮೂತ್ರಪಿಂಡಕ್ಕೂ ಹಾನಿ. ನೀರು ಸೇರಿದ ಪಾದರಸ ಸೂಕ್ಷ್ಮಜೀವಿಗಳಿಂದ ಮೀಥೈಲ್ ಮರ್ಕ್ಯುರಿಯಾಗಿ ಮೀನುಗಳಲ್ಲಿ ಸೇರಿಕೊಳ್ಳುತ್ತದೆ. ಜಪಾನಿನ ಮಿನಮಾಟ ಊರಿನಲ್ಲಿ ಕಾರ್ಖಾನೆಯ ತ್ಯಾಜ್ಯದಿಂದ ಹೀಗೆ ಹಬ್ಬಿದ ಕಾಯಿಲೆ 1956ರಲ್ಲಿ ಬೆಳಕಿಗೆ ಬಂತು.

2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಟ್ಯೂಬ್‌ಲೈಟನ್ನು ‘ಮನೆಯ ಅಪಾಯಕಾರಿ ತ್ಯಾಜ್ಯ’ ಎಂದು ಹೆಸರಿಸಿ, ಇಂತಹ ಕಸಕ್ಕೆ ಪ್ರತಿ 20 ಚದರ ಕಿಲೋಮೀಟರ್‌ಗೆ ಒಂದು ಸಂಗ್ರಹ ಕೇಂದ್ರ ಇರಬೇಕೆಂದು ಹೇಳಿದವು. 2022ರ ಇ-ತ್ಯಾಜ್ಯ ನಿಯಮಗಳ ವ್ಯಾಪ್ತಿಗೂ ಪಾದರಸದ ದೀಪಗಳು ಬರುತ್ತವೆ.

ಮನೆಯವರು ಮಾಡಬೇಕಾದದ್ದು:

* ಕೆಟ್ಟ ಟ್ಯೂಬನ್ನು ಒಡೆಯಬೇಡಿ. ಹೊಸ ದೀಪ ಬಂದ ರಟ್ಟಿನ ಪೆಟ್ಟಿಗೆಯಲ್ಲೋ ದಪ್ಪ ಪೇಪರ್‌ನಲ್ಲೋ ಸುತ್ತಿಡಿ.
* ಹಸಿ ಕಸ, ಒಣ ಕಸದ ಜತೆ ಹಾಕಬೇಡಿ. ಬೇರೆ ಇಟ್ಟು, ಟ್ಯೂಬ್‌ಲೈಟ್ ಎಂದು ಹೇಳಿಯೇ ಕೊಡಿ.
* ಇ-ತ್ಯಾಜ್ಯ ಸಂಗ್ರಹ ಕೇಂದ್ರ ಅಥವಾ ನೋಂದಾಯಿತ ಮರುಬಳಕೆ ಘಟಕಕ್ಕೆ ತಲುಪಿಸಿ. ಸೊಸೈಟಿಯವರೆಲ್ಲ ಒಂದೆಡೆ ಸಂಗ್ರಹಿಸಿ ಒಮ್ಮೆಗೇ ಕಳುಹಿಸಿದರೆ ಕೆಲಸ ಸುಲಭ.

ಮನೆಯಲ್ಲೇ ಟ್ಯೂಬ್ ಒಡೆದರೆ?

ಗಾಬರಿ ಬೇಡ, ಅಸಡ್ಡೆಯೂ ಬೇಡ. ಮಕ್ಕಳನ್ನು ಹೊರಗೆ ಕಳುಹಿಸಿ. ಎಸಿ ಆರಿಸಿ, ಕಿಟಕಿ ತೆರೆದು ಹತ್ತು ನಿಮಿಷ ಕೋಣೆಯಿಂದ ದೂರವಿರಿ. ಪೊರಕೆ ಬೇಡ, ವ್ಯಾಕ್ಯೂಮ್ ಕ್ಲೀನರ್ ಅಂತೂ ಬೇಡವೇ ಬೇಡ. ಎರಡೂ ಪುಡಿಯನ್ನು, ಆವಿಯನ್ನು ಕೋಣೆಯ ತುಂಬ ಹರಡುತ್ತವೆ. ಕೈಗವಸು ಹಾಕಿಕೊಂಡು ಗಟ್ಟಿ ರಟ್ಟಿನಿಂದ ಚೂರುಗಳನ್ನು ಒಟ್ಟುಮಾಡಿ. ಸಣ್ಣ ಚೂರು, ಪುಡಿಯನ್ನು ಅಂಟುಟೇಪ್‌ನಿಂದ ತೆಗೆಯಿರಿ. ಕೊನೆಗೆ ಒದ್ದೆ ಕಾಗದದಿಂದ ಒರೆಸಿ. ಎಲ್ಲವನ್ನೂ ಮುಚ್ಚಳವಿರುವ ಡಬ್ಬಿಗೆ ಹಾಕಿ ಬಿಗಿದು, ಇ-ತ್ಯಾಜ್ಯದ ಜತೆ ಕೊಡಿ.

ಮುಂದೇನು?

ಮಿನಮಾಟ ಊರಿನ ಹೆಸರಿನಲ್ಲೇ ಆದ ಅಂತಾರಾಷ್ಟ್ರೀಯ ಪಾದರಸ ಒಪ್ಪಂದ 2017ರ ಆಗಸ್ಟ್‌ನಲ್ಲಿ ಜಾರಿಗೆ ಬಂತು. ಭಾರತ 2018ರ ಜೂನ್‌ನಲ್ಲಿ ಅದನ್ನು ಅನುಮೋದಿಸಿತು. ಒಪ್ಪಂದದ ದೇಶಗಳು 2023ರಲ್ಲಿ ಜಿನೀವಾದಲ್ಲಿ ಸೇರಿ ಕೈಗೊಂಡ ನಿರ್ಧಾರದ ಪ್ರಕಾರ, ಹ್ಯಾಲೋಫಾಸ್ಫೇಟ್ ಟ್ಯೂಬ್‌ಗಳ ತಯಾರಿಕೆ, ಆಮದು, ರಫ್ತಿಗೆ 2026 ಕೊನೆಯ ಗಡುವು. ಮೂರು ಪುಡಿಗಳ ಸಾಮಾನ್ಯ ಟ್ಯೂಬ್‌ಗಳಿಗೆ 2027. ಈಗಾಗಲೇ ಮನೆಯಲ್ಲಿ ಉರಿಯುತ್ತಿರುವ ಟ್ಯೂಬನ್ನು ತೆಗೆದೆಸೆಯಬೇಕು ಎಂದು ಇದರರ್ಥವಲ್ಲ.

ಹೊಸ ಟ್ಯೂಬ್ ಬರುವುದು ನಿಂತರೂ ಹಳೆಯವು ಇನ್ನೂ ಕೆಲವು ವರ್ಷ ಗೋಡೆಯಿಂದ ಇಳಿಯುತ್ತಲೇ ಇರುತ್ತವೆ. ಮಯೂರ್ ವಿಹಾರ್‌ನ ಫ್ಲ್ಯಾಟ್ ಆಗಲಿ, ಮಲ್ಲೇಶ್ವರಂನ ಹಳೆಯ ಮನೆಯಾಗಲಿ, ಇಳಿಸಿದ ಟ್ಯೂಬ್ ಕಸದ ಗಾಡಿಯಲ್ಲಿ ಒಡೆಯಬೇಕೋ ಮರುಬಳಕೆ ಘಟಕಕ್ಕೆ ಇಡಿಯಾಗಿ ತಲುಪಬೇಕೋ ಎಂಬುದು ಅದನ್ನು ಇಳಿಸಿದವರ ಕೈಯಲ್ಲೇ ಇದೆ.